ಗದ್ದಲ ನಿವಾರಣೆಯ ಪೇಟೆಂಟ್ ವಿವಾದ ಮತ್ತು ಪೂರ್ವಜ್ಞಾನದ ಪ್ರಶ್ನೆ

ಒಂದು ಶೋಧ ಯಾರದು ಎಂಬ ಪ್ರಶ್ನೆ, ಒಂದು ಕಥೆಯ ಮೂಲ ಯಾವುದು ಎಂಬ ಪ್ರಶ್ನೆಯಷ್ಟೇ ಜಟಿಲವಾದುದು. ಪಾಠಾಂತರಗಳ ಮೂಲಕ ಬೆಳೆಯುವ ಕಥೆಯಂತೆ ತಂತ್ರಜ್ಞಾನವೂ ಹಿಂದಿನವರ ದುಡಿಮೆಯ ಮೇಲೆಯೇ ಬೆಳೆಯುತ್ತದೆ. ಆದರೆ ಪೇಟೆಂಟ್ ಕಾನೂನು ಈ ಹರಿವಿನ ನಡುವೆ ಎಲ್ಲಿಯೋ ಗೆರೆ ಎಳೆದು, ಇದು ಹಳೆಯದು, ಇದು ಹೊಸದು ಎಂದು ನಿರ್ಣಯಿಸಬೇಕಾಗುತ್ತದೆ. ಅಮೆರಿಕದ ಆಂಡ್ರಿಯಾ ಎಲೆಕ್ಟ್ರಾನಿಕ್ಸ್ ಮತ್ತು ಆಪಲ್ ಸಂಸ್ಥೆಗಳ ನಡುವಿನ ವ್ಯಾಜ್ಯ ಈ ದೃಷ್ಟಿಯಿಂದ ಗಮನಾರ್ಹವಾಗಿದೆ.

ಮಾತನ್ನು ಗದ್ದಲದಿಂದ ಬೇರ್ಪಡಿಸುವ ಪ್ರಯತ್ನ ಎರಡು ದಾರಿಗಳಲ್ಲಿ ಸಾಗಿತು. ಮೊದಲನೆಯದು, ನಿರ್ದಿಷ್ಟ ದಿಕ್ಕಿನ ಧ್ವನಿಯನ್ನೇ ಹೆಚ್ಚಾಗಿ ಗ್ರಹಿಸುವ ಮೈಕ್ರೊಫೋನು. 1930ರ ದಶಕದಲ್ಲಿ ಆರ್‌ಸಿಎ ಸಂಸ್ಥೆಯ ಹ್ಯಾರಿ ಓಲ್ಸನ್ ಅವರು ಈ ಕ್ಷೇತ್ರದಲ್ಲಿ ಪ್ರಮುಖರು. ಎರಡನೆಯದು ಗಣಕದ ಲೆಕ್ಕಾಚಾರ. ಧ್ವನಿಯನ್ನು ಆವರ್ತನಗಳಾಗಿ ವಿಂಗಡಿಸಿ, ಪ್ರತಿಯೊಂದರಿಂದಲೂ ಗದ್ದಲದ ಅಂದಾಜನ್ನು ಕಳೆಯುವ ವಿಧಾನವನ್ನು ಸ್ಟೀವನ್ ಬೋಲ್ ಅವರು 1979ರಲ್ಲಿ ವಿವರಿಸಿದರು. ಧ್ವನಿಶಕ್ತಿಯ ಕನಿಷ್ಠ ಮಟ್ಟವನ್ನು ಗಮನಿಸುತ್ತ ಹೋದರೆ ಮಾತಿನ ನಡುವೆಯೂ ಗದ್ದಲವನ್ನು ಅಂದಾಜಿಸಬಹುದೆಂದು ರೈನರ್ ಮಾರ್ಟಿನ್ ಅವರು 1993ರ ಪ್ರಬಂಧದಲ್ಲಿ ತೋರಿಸಿದರು.

1934ರಲ್ಲಿ ಸ್ಥಾಪನೆಯಾದ ಆಂಡ್ರಿಯಾ ಈ ಎರಡು ದಾರಿಗಳಲ್ಲಿಯೂ ದುಡಿದ ಸಂಸ್ಥೆ. ಗದ್ದಲ ನಿವಾರಣೆಯ ವಿಧಾನವೊಂದಕ್ಕೆ 1999ರಲ್ಲಿ ಸಲ್ಲಿಸಿದ ಅರ್ಜಿಗೆ 2002ರಲ್ಲಿ ಪೇಟೆಂಟ್ ದೊರೆಯಿತು. ತನ್ನ ಪೇಟೆಂಟುಗಳ ಉಲ್ಲಂಘನೆಯಾಗಿದೆಯೆಂದು ಸಂಸ್ಥೆಯು 2016ರಲ್ಲಿ ಆಪಲ್ ಮತ್ತು ಸ್ಯಾಮ್‌ಸಂಗ್ ವಿರುದ್ಧ ದೂರು ನೀಡಿತು. ಆ ಪೇಟೆಂಟೇ ಸಿಂಧುವಲ್ಲವೆಂದು ಆಪಲ್ ಮರುವರ್ಷ ಪೇಟೆಂಟ್ ಮಂಡಳಿಯ ಮೊರೆಹೊಕ್ಕು, ಬೋಲ್ ಮತ್ತು ಮಾರ್ಟಿನ್ ಅವರ ಪ್ರಬಂಧಗಳನ್ನು ಆಧಾರಗಳ ಸಾಲಿನಲ್ಲಿ ಮುಂದಿಟ್ಟಿತು. ಮಂಡಳಿಯು 2018ರಲ್ಲಿ 6ರಿಂದ 9ರವರೆಗಿನ ಹಕ್ಕೊತ್ತಾಯಗಳನ್ನು ಉಳಿಸಿತು. ಮಾರ್ಟಿನ್ ವಿಧಾನದ ಬಗ್ಗೆ ಆಪಲ್ ತನ್ನ ಪ್ರತ್ಯುತ್ತರದಲ್ಲಿ ಮಂಡಿಸಿದ ವಾದವನ್ನು ಮಂಡಳಿ ಪರಿಗಣಿಸಬೇಕಿತ್ತೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿ, ಆ ಭಾಗವನ್ನು ಮರುಪರಿಶೀಲನೆಗೆ ಕಳುಹಿಸಿತು. ಅನಂತರ ಆ ನಾಲ್ಕು ಹಕ್ಕೊತ್ತಾಯಗಳೂ ಬಿದ್ದವು. 2022ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಪೇಟೆಂಟಿನ 20 ವರ್ಷಗಳ ಅವಧಿಯೇ ಮುಗಿದುಹೋಗಿತ್ತು.

ಸಣ್ಣ ಸಂಸ್ಥೆಯೊಂದರ ಹಕ್ಕು ದೊಡ್ಡ ಸಂಸ್ಥೆಯೆದುರು ಕರಗಿದ ಕಥೆಯಾಗಿಯೂ, ವಿದ್ವಾಂಸರು ಎಲ್ಲರಿಗಾಗಿ ಪ್ರಕಟಿಸಿದ ಅರಿವು ಎಲ್ಲರದಾಗಿಯೇ ಉಳಿದ ಕಥೆಯಾಗಿಯೂ ಇದನ್ನು ಓದಬಹುದು. ಆದರೆ ಇಂತಹ ಮರುಪರಿಶೀಲನೆಯಲ್ಲಿ ಪೇಟೆಂಟನ್ನು ಪ್ರಶ್ನಿಸಲು ಹಿಂದಿನ ಪೇಟೆಂಟುಗಳು ಮತ್ತು ಮುದ್ರಿತ ಪ್ರಕಟಣೆಗಳು ಮಾತ್ರ ಆಧಾರವಾಗಬಲ್ಲವು. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ಅರಿವು ಎಷ್ಟೇ ಹಳೆಯದಾಗಿದ್ದರೂ, ದಾಖಲಾಗದಿದ್ದರೆ ಅದಕ್ಕೆ ಅಲ್ಲಿ ಎಡೆಯಿಲ್ಲ. ದಾಖಲೀಕರಣವು ಕೇವಲ ಸಂಗ್ರಹಕಾರ್ಯವಲ್ಲ, ಸಮುದಾಯದ ಸ್ವತ್ತಿನ ರಕ್ಷಣೆಯೂ ಹೌದೆಂಬುದನ್ನು ಈ ವ್ಯಾಜ್ಯ ಸ್ಪಷ್ಟಪಡಿಸುತ್ತದೆ.