ಮೂರು ವರ್ಷದ ಅಂಗಿ

ಮಂಗಳೂರಿನ ಮಳೆಗಾಲವೆಂದರೆ ಹೆಚ್ಚಿನವರಿಗೆ ಪತ್ರೊಡೆ, ಹಪ್ಪಳ, ಸುಟ್ಟ ಹಲಸಿನ ಬೀಜ ನೆನಪಾಗುತ್ತದೆ. ನನಗೆ ನೆನಪಾಗುವುದು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು. 1977ರಿಂದ 1980ರವರೆಗೆ, ಅಣ್ಣ ಬಿ.ಕಾಂ. ಓದುತ್ತಿದ್ದ ಮೂರು ವರ್ಷ, ಅವನ ಫುಟ್‌ಬಾಲ್ ಅಂಗಿ, ಚಡ್ಡಿ, ಮೊಣಕಾಲಿನವರೆಗಿನ ಕಾಲುಚೀಲಗಳು ಸಂಜೆಯಾದರೆ ಆ ಕಲ್ಲಿನ ಮೇಲೆ ಬಂದು ಬೀಳುತ್ತಿದ್ದುವು. ನೆಹರೂ ಮೈದಾನದ ಕೆಸರು ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ. “ಆಡುವುದು ಅವನು, ಕೆಸರು ಮಾತ್ರ ನಮಗೆ” ಎಂದು ಅಮ್ಮ ಗೊಣಗುತ್ತಿದ್ದರು. ಮಳೆಯಲ್ಲಿ ಒಣಗುವ ಮಾತೆಲ್ಲಿ? ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು. ಹಾಗಾಗಿ ಅಣ್ಣ ಮೈದಾನಕ್ಕೆ ಇಳಿದರೆ ಅವನ ಜೊತೆಗೆ ಹೊಗೆಯ ವಾಸನೆಯೂ ಇಳಿಯುತ್ತಿತ್ತು.

ಆ ಅಂಗಿ ಅವನದ್ದಲ್ಲ, ಕಾಲೇಜಿನದ್ದು. ಕಡೇ ಪರೀಕ್ಷೆ ಮುಗಿದ ಮೇಲೆ ಒಗೆದು, ಮಡಚಿ, ವಾಪಸು ಕೊಡಬೇಕು. ಮುಂದಿನ ಜೂನ್‌ನಲ್ಲಿ ಅದೇ ನಂಬರು ಇನ್ನೊಬ್ಬ ಹುಡುಗನ ಬೆನ್ನಿಗೆ ಏರುತ್ತಿತ್ತು. ಈ ಪ್ರಬಂಧದ ಉದ್ದಕ್ಕೂ ಆ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಣ್ಣನ ಸ್ನೇಹಿತರು ನಮ್ಮ ಮನೆಯ ಚಾವಡಿಯಲ್ಲಿ ಸೇರಿದರೆಂದರೆ ಪತ್ರಿಕೆಯ ಕ್ರೀಡಾ ಪುಟ ಹರಿದೇ ಹೋಗುತ್ತಿತ್ತು. ಅವರಲ್ಲೊಬ್ಬ ಒಂದು ನೋಟ್‌ಬುಕ್ಕು ಇಟ್ಟಿದ್ದ. ಪುಟದ ನಡುವೆ ಗೆರೆ ಎಳೆದು, ಎಡಗಡೆ ನಮ್ಮೂರ ಕಾಲೇಜುಗಳು, ಬಲಗಡೆ ಅದಕ್ಕೆ ಸರಿಹೊಂದುವ ದೊಡ್ಡ ಊರಿನ ಕ್ಲಬ್ಬುಗಳು. ಸೈಂಟ್ ಅಲೋಶಿಯಸ್ಸಿನ ಎದುರು ಮೋಹನ್ ಬಾಗಾನ್. ಕಾರಣ, ಹಳಮೆ. ಕಾಲೇಜು ಶುರುವಾದದ್ದು 1880ರಲ್ಲಿ, ಕ್ಲಬ್ಬು 1889ರಲ್ಲಿ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಎದುರು ಈಸ್ಟ್ ಬೆಂಗಾಲ್. 1960ರ ಆ ಕಾಲೇಜಿಗೆ ದೇಶದ ನಾನಾ ಕಡೆಯ ಹುಡುಗರು ಬರುತ್ತಿದ್ದರು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕೂಡ ಊರು ಬಿಟ್ಟು ಬಂದವರ ಪ್ರೀತಿಯ ತಂಡ. ಬಂದರು, ಕಂದಕದ ಹುಡುಗರದ್ದು ಕಾಲೇಜು ತಂಡವಲ್ಲದಿದ್ದರೂ ಅವರನ್ನು ಬಿಟ್ಟು ಮಂಗಳೂರಿನ ಫುಟ್‌ಬಾಲ್ ಉಂಟೇ? ಅವರ ಎದುರು ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಸತತ 5 ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು.

ಅಣ್ಣನ ಕಾಲೇಜಿಗೆ ಮಾತ್ರ ಜೋಡಿ ಸಿಗಲೇ ಇಲ್ಲ. ಚಹಾ ಕೊಡಲು ಬಂದ ನಾನು, “ಸೊನ್ನೆ ಬರೆಯಿರಿ” ಎಂದೆ. ಎಲ್ಲರೂ ನಕ್ಕರು, ಅಣ್ಣ ನಗಲಿಲ್ಲ. ಆ ಧೈರ್ಯದಲ್ಲಿ ಇನ್ನೂ ಒಂದು ಕೇಳಿದೆ: “ಆ ಬಲಗಡೆಯವರಿಗೆ ಆಡಿದ್ದಕ್ಕೆ ಏನಾದರೂ ಸಿಗುತ್ತದೆ. ನಿಮಗೆ ಎಂತ ಉಂಟು?”

“ಬಸ್ ಚಾರ್ಜು, ಲಿಂಬೆ ಶರಬತ್ತು” ಎಂದ ಅಣ್ಣ.

ತಮಾಷೆಗೆ ಕೇಳಿದ ಪ್ರಶ್ನೆ. ಆದರೆ ಆಟದ ಇತಿಹಾಸವೆಲ್ಲ ಅದರೊಳಗೇ ಉಂಟೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ದೇಶದಲ್ಲಿ ಫುಟ್‌ಬಾಲ್ ಬೆಳೆದದ್ದೇ ಶಾಲೆ ಕಾಲೇಜುಗಳ ಅಂಗಳದಲ್ಲಿ. 1877ರ ಸುಮಾರಿಗೆ ಕಲ್ಕತ್ತೆಯ ಹೇರ್ ಸ್ಕೂಲಿನ ಹುಡುಗ ನಾಗೇಂದ್ರ ಪ್ರಸಾದ ಸರ್ವಾಧಿಕಾರಿ ಗೋರಾ ಸಿಪಾಯಿಗಳ ಚೆಂಡನ್ನು ಒದ್ದನಂತೆ, ಆಮೇಲೆ ಗೆಳೆಯರನ್ನು ಕೂಡಿಸಿ ಆಟ ಶುರುಮಾಡಿದನಂತೆ. ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರೊಬ್ಬರು ಆ ಹುಡುಗರಿಗೆ ಆಟ ಹೇಳಿಕೊಟ್ಟರೆಂದು ಕತೆ. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ನಮ್ಮ ಪಾಠಪುಸ್ತಕದ ಕತೆ. ಹತ್ತು ಮಂದಿ ಬರಿಗಾಲಿನಲ್ಲಿ ಆಡಿದರು. ಬೂಟು ಹಾಕಿದ್ದ ಒಬ್ಬರೆಂದರೆ ಸುಧೀರ್ ಚಟರ್ಜಿ. ಅವರು ಮಿಷನ್ ಕಾಲೇಜಿನ ಅಧ್ಯಾಪಕರು. ಆಗ ಕಾಲೇಜಿಗೂ ಕ್ಲಬ್ಬಿಗೂ ನಡುವೆ ಗೋಡೆಯಿರಲಿಲ್ಲ. ಒಂದೇ ಮನೆಯ ಎರಡು ಕೋಣೆಗಳಿದ್ದಂತೆ.

ಬೆಂಗಳೂರಿನ ದಾರಿ ಸ್ವಲ್ಪ ಬೇರೆ. ಅಲ್ಲಿ ದಂಡಿನ ಪ್ರದೇಶದ ಬೀದಿಗಳಲ್ಲಿ ಆಟ ಬೆಳೆಯಿತು. ಅಲ್ಲಿಂದ ಹೋದ ಅಹಮದ್ ಖಾನ್ ಈಸ್ಟ್ ಬೆಂಗಾಲಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಮೇಲೆ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಆಮೇಲೆ ಬಂದುವು ಕಾರ್ಖಾನೆಗಳು. 1940ರ ಎಚ್.ಎ.ಎಲ್., 1948ರ ಐ.ಟಿ.ಐ. ಇವು ತಮ್ಮದೇ ತಂಡ ಕಟ್ಟಿದುವು. ಹುಡುಗ ಚೆನ್ನಾಗಿ ಆಡಿದರೆ ಕೆಲಸ, ಕೆಲಸವಿದ್ದರೆ ಊಟ, ಮದುವೆ, ಮನೆ. ಆಟಕ್ಕೇ ಸಂಬಳ ಎನ್ನುವ ಮಾತು ಆಗ ಇರಲಿಲ್ಲ. ಸಂಬಳ ಕಾರ್ಖಾನೆಯ ಕೆಲಸಕ್ಕೆ, ಕೆಲಸ ಸಿಕ್ಕಿದ್ದು ಆಟಕ್ಕೆ. ಮೈಸೂರು ರಾಜ್ಯ 4 ಸಲ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ಬೀದಿ, ಕಾರ್ಖಾನೆಗಳ ಬಲದಿಂದ. 1968-69ರ ನಂತರ ಮತ್ತೆ ಆ ಕಪ್ಪು ನಮ್ಮ ರಾಜ್ಯಕ್ಕೆ ಬರಲು 2023ರ ಮಾರ್ಚ್‌ವರೆಗೆ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸುವವರೆಗೆ, ಕಾಯಬೇಕಾಯಿತು.

ಅಣ್ಣನಿಗೂ ಅಂಥ ಒಂದು ಕಾಗದ ಬಂತು. 1980ರ ಮಾರ್ಚ್. ಬೆಂಗಳೂರಿನ ಒಂದು ಕಾರ್ಖಾನೆಯಿಂದ, ಆಯ್ಕೆಗೆ ಬರಬೇಕೆಂದು. ದಿನ ನೋಡಿದರೆ ಅವನ ಕಡೇ ವರ್ಷದ ಪರೀಕ್ಷೆಯ ವಾರ. ಅಪ್ಪ ಕನ್ನಡಕ ಸರಿಮಾಡಿ ಓದಿದರು. “ಕಾಲಿನ ಕೆಲಸ ಮೂವತ್ತಕ್ಕೆ ಮುಗಿಯುತ್ತದೆ. ಬ್ಯಾಂಕಿನ ಕೆಲಸ ಮುದುಕನಾಗುವವರೆಗೆ” ಎಂದರು. ನಮ್ಮ ಜಿಲ್ಲೆಯಲ್ಲಿ ಆ ಮಾತಿಗೆ ಎದುರು ಹೇಳುವವರು ಯಾರು? ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂದು ಬ್ಯಾಂಕುಗಳನ್ನೇ ಹೆತ್ತ ಊರು ನಮ್ಮದು. ಅಣ್ಣ ಪರೀಕ್ಷೆ ಬರೆದ, ಅಂಗಿ ವಾಪಸು ಕೊಟ್ಟ, ಬ್ಯಾಂಕು ಸೇರಿದ. ಆಮೇಲೆ ಅವನು ಮೈದಾನದ ಕಡೆಯಿಂದ ಬರುವಾಗ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದುದನ್ನು ನಾನು ನೋಡಿದ್ದೇನೆ.

ನನ್ನ ಮಗ ಅಮೆರಿಕದ ಮಿಶಿಗನ್‌ನಲ್ಲಿದ್ದಾನೆ. ನಾನು ಅಲ್ಲಿಗೆ ಹೋದಾಗ ಒಂದು ಶನಿವಾರ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಹೊರಟದ್ದು ಕಂಡು, “ಎಂತ ಜಾತ್ರೆಯಾ?” ಎಂದೆ. ಜಾತ್ರೆಯೇ! ಕಾಲೇಜು ಹುಡುಗರ ಪಂದ್ಯ. ಅವರ ಫುಟ್‌ಬಾಲ್ ಬೇರೆ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಆದರೆ ಆ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷದ ಏಳು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಸಂಬಳದ ತಂಡಗಳ ಯಾವ ಕ್ರೀಡಾಂಗಣವೂ ಅಷ್ಟು ದೊಡ್ಡದಲ್ಲ. ಅಲ್ಲಿ ಕಾಲೇಜು ಪಂದ್ಯ ಶುರುವಾದದ್ದು 1869ರಲ್ಲಿ, ಸಂಬಳದ ಲೀಗ್ ಬಂದದ್ದು 1920ರಲ್ಲಿ. ಕಾಲೇಜೇ ಅಕ್ಕ, ಲೀಗು ತಂಗಿ.

ನಮ್ಮ ಚಾವಡಿಯ ನೋಟ್‌ಬುಕ್ಕಿನ ಆಟವನ್ನು ಅಲ್ಲಿಯವರೂ ಆಡುತ್ತಾರೆಂದು ಮಗ ಹೇಳಿದಾಗ ನಗು ಬಂತು. ಅಲಬಾಮ ವಿಶ್ವವಿದ್ಯಾಲಯವೆಂದರೆ ಕಾಲೇಜುಗಳಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಇದ್ದ ಹಾಗೆ ಎಂದ. ಅಲ್ಲಿ ನಿಕ್ ಸೇಬನ್, ಇಲ್ಲಿ ಬಿಲ್ ಬೆಲಿಚಿಕ್. ಇಬ್ಬರೂ ಆ ತಂಡಗಳಿಗೆ ಆರಾರು ಕಿರೀಟ ತಂದ ತರಬೇತುದಾರರು. 2024ರ ಜನವರಿಯಲ್ಲಿ ಒಂದೇ ವಾರದಲ್ಲಿ ಇಬ್ಬರೂ ಆ ಜಾಗ ಬಿಟ್ಟರು. ಅದೇ ವರ್ಷದ ಕಡೆಗೆ ಬೆಲಿಚಿಕ್ ಒಂದು ಕಾಲೇಜು ತಂಡಕ್ಕೇ ಹೋದರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಕತೆ. ಆ ಲೀಗಿನಲ್ಲಿ ಕಾಲೇಜು ಮುಗಿಸಿದ ಹುಡುಗರನ್ನು ಸಾಲಾಗಿ ಆರಿಸುತ್ತಾರೆ. ಹಿಂದಿನ ವರ್ಷ ಕಡೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಮನೆಯಲ್ಲಿ ಬಡಕಲು ಮಗುವಿಗೆ ಮೊದಲು ಬಡಿಸಿದ ಹಾಗೆ. 1936ರಲ್ಲಿ ಈ ಪದ್ಧತಿ ಆರಂಭವಾದಾಗ ಎಲ್ಲರಿಗಿಂತ ಮೊದಲು ಆರಿಸಿದ್ದು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಎಂಬ ಹುಡುಗನನ್ನು. ಸಂಬಳದ ಮಾತು ಕುದುರಲಿಲ್ಲ. ಅವನು ಸಂಬಳದ ಪಂದ್ಯ ಒಂದನ್ನೂ ಆಡದೆ ಬೇರೆ ಉದ್ಯೋಗ ಹಿಡಿದ. ಕೇಳಿದಾಗ ನನಗೆ ಬ್ಯಾಂಕಿನ ಕೌಂಟರಿನ ಹಿಂದೆ ಕೂತ ಅಣ್ಣ ಕಂಡ. ಅಷ್ಟು ಜನ ಸೇರುವ ಆ ದೇಶದಲ್ಲಿಯೂ ಕಾಲೇಜುಗಳು ಆಟದ ಹುಡುಗರಿಗೆ ನೇರವಾಗಿ ಹಣ ಕೊಡಬಹುದೆಂದು ಆದದ್ದು 2025ರ ಜೂನ್‌ನಲ್ಲಿ, ಕೋರ್ಟಿನ ಒಪ್ಪಿಗೆಯ ಮೇಲೆ. ಅಲ್ಲಿಯವರೆಗೆ ಕಾಲೇಜಿನಿಂದ ಸಿಗುತ್ತಿದ್ದುದು ಓದಿನ ಖರ್ಚು, ಊಟ, ವಸತಿ, ಅದಕ್ಕೆ ಸೇರಿದ ಇನ್ನಷ್ಟು ಸಹಾಯ. ನಮ್ಮ ಲಿಂಬೆ ಶರಬತ್ತಿನ ದೊಡ್ಡಣ್ಣ ಅನ್ನಿ.

ಇನ್ನು ನಮ್ಮ ಮನೆಯ ಮಾತು. ಅಣ್ಣನ ಮೊಮ್ಮಗಳು ಚೆಂಡಿನ ಹಿಂದೆ ಬಿದ್ದದ್ದು ಆರನೆಯ ಕ್ಲಾಸಿನಲ್ಲಿ. ನಾನು ಓದಿದ್ದು ಹೆಣ್ಣುಮಕ್ಕಳ ಕಾಲೇಜಿನಲ್ಲಿ. ನಮಗೆ ತ್ರೋಬಾಲ್ ಇತ್ತು, ಟೆನಿಕಾಯ್ಟ್ ಇತ್ತು. ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವುದುಂಟೆಂದೇ ನನಗೆ ಗೊತ್ತಿರಲಿಲ್ಲ. 1980ರ ಜನವರಿಯಲ್ಲಿ, ಇಲ್ಲಿಂದ ಅದೇ ರೈಲು ಹಳಿಯ ಮೇಲಿರುವ ಕೋಯಿಕ್ಕೋಡಿನಲ್ಲಿ, ಏಷ್ಯಾದ ಹೆಂಗಸರ ಫುಟ್‌ಬಾಲ್ ಪಂದ್ಯಾವಳಿ ನಡೆದು ಭಾರತ ಎರಡನೆಯ ಸ್ಥಾನ ಪಡೆದಿತ್ತು. ಆಗ ನಾನು ಅಣ್ಣನ ಕಾಲುಚೀಲ ತಿಕ್ಕುತ್ತಿದ್ದೆ. ಆ ಸುದ್ದಿ ನನಗೆ ಗೊತ್ತಾದದ್ದು ಈ ಹುಡುಗಿಯ ಬಾಯಿಂದ.

2025ರ ಮೇ ತಿಂಗಳಲ್ಲಿ ಅವಳ ಪಿ.ಯು.ಸಿ. ಮುಗಿದಿತ್ತು. ಒಂದು ಕಡೆ ಮಂಗಳೂರಿನದೇ ಕಾಲೇಜು, ಆಟದ ಲೆಕ್ಕದಲ್ಲಿ ಫೀಸು ಇಲ್ಲದ ಸೀಟು. ಇನ್ನೊಂದು ಕಡೆ ಬೆಂಗಳೂರಿನ ಒಂದು ಕ್ಲಬ್ಬಿನ ಕಿರಿಯರ ತಂಡಕ್ಕೆ ಆಯ್ಕೆ. ಮನೆಯಲ್ಲಿ ಎರಡು ಪಕ್ಷವಾಯಿತು. “ಸಣ್ಣಜ್ಜಿ, ನೀವು ಹೇಳಿ” ಎಂದು ಅವಳು ನನ್ನ ಹತ್ತಿರ ಬಂದಳು. ನಾನು ಹಳೆಯ ಕಾಗದವೊಂದರ ನಡುವೆ ಗೆರೆ ಎಳೆದೆ.

ಎಡಗಡೆ ಕಾಲೇಜು. ಅಲ್ಲಿ ಮೂರು ವರ್ಷಕ್ಕೊಮ್ಮೆ ಆಟಗಾರರೆಲ್ಲ ಬದಲಾಗುತ್ತಾರೆ, ತಂಡ ಉಳಿಯುತ್ತದೆ. ಆಟ ಕೈಕೊಟ್ಟರೂ ಡಿಗ್ರಿ ಕೈಯಲ್ಲಿರುತ್ತದೆ. ಬಲಗಡೆ ಕ್ಲಬ್ಬು. ಅಲ್ಲಿ ಚೆನ್ನಾಗಿ ಆಡುವವರು ಹತ್ತು ವರ್ಷವೂ ಉಳಿಯಬಹುದು, ಕಲಿಸುವವರು ಒಳ್ಳೆಯವರು, ಆದರೆ ತಂಡವೇ ಉಳಿಯುವ ಭರವಸೆಯಿಲ್ಲ. 1997ರಲ್ಲಿ ಶುರುವಾದ ಎಫ್.ಸಿ. ಕೊಚ್ಚಿನ್ 2002ಕ್ಕೆ ಮುಚ್ಚಿತು. ಮುಂಬೈಯ ಮಹೀಂದ್ರ ಯುನೈಟೆಡ್ 2010ರಲ್ಲಿ, ಮೊದಲ ರಾಷ್ಟ್ರೀಯ ಲೀಗನ್ನೇ ಗೆದ್ದ ಪಂಜಾಬಿನ ಜೆ.ಸಿ.ಟಿ. 2011ರಲ್ಲಿ ಇಲ್ಲವಾದುವು. ಎಚ್.ಎ.ಎಲ್. 2012ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು, ನಿಜ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು 2023ರಲ್ಲಿ ದೇಶದ ಮಹಿಳಾ ಲೀಗಿನ ಫೈನಲ್ಲಿಗೂ ಹೋದರು. ಆಸೆಗೆ ಕಾರಣವಿಲ್ಲದೆ ಇಲ್ಲ.

ಬರೆದು ಮುಗಿಸಿ ನಾನು, “ಕಾಲೇಜೇ ಗಟ್ಟಿ” ಎಂದೆ. ಅಪ್ಪನ ಸ್ವರ ನನ್ನ ಬಾಯಿಂದ ಬಂದ ಹಾಗಾಯಿತು.

ಮೂಲೆಯಲ್ಲಿ ಕೂತಿದ್ದ ಅಣ್ಣ ಎದ್ದು ಒಳಗೆ ಹೋದ. ಹಳೆಯ ಪಾಸ್‌ಬುಕ್ಕುಗಳ ಕಟ್ಟಿನಿಂದ 1980ರ ಆ ಕಾಗದ ತಂದು ಮೇಜಿನ ಮೇಲಿಟ್ಟ. ಅವನು ಇಟ್ಟುಕೊಂಡಿದ್ದಾನೆಂದು ಅತ್ತಿಗೆಗೂ ಗೊತ್ತಿರಲಿಲ್ಲ.

“ಗಟ್ಟಿ ಯಾವುದು? ವಿಜಯಾ ಬ್ಯಾಂಕು 2019ರಲ್ಲಿ ಹೋಯಿತು. ಕಾರ್ಪೊರೇಷನ್ನು, ಸಿಂಡಿಕೇಟು 2020ರಲ್ಲಿ. ನಾನಿದ್ದ ಬ್ಯಾಂಕಿನ ಹೆಸರೂ ಇಲ್ಲ ಈಗ” ಎಂದ. ಆಮೇಲೆ ತಡೆದು, “ಪೆನ್ಶನ್ ಬರುತ್ತದೆ, ಸುಳ್ಳು ಹೇಳಬಾರದು. ಅಪ್ಪನದ್ದು ತಪ್ಪಲ್ಲ. ಆದರೆ ಬೇರೆ ದಿನ ಕೊಡುತ್ತೀರಾ ಎಂದು ಆ ಕಾರ್ಖಾನೆಗೆ ಒಂದು ಇನ್‌ಲ್ಯಾಂಡ್ ಲೆಟರ್ ಬರೆಯಬಹುದಿತ್ತು. ಅಪ್ಪನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ” ಎಂದ.

ನಲುವತ್ತೈದು ವರ್ಷ ನಾನು ತಪ್ಪೆಲ್ಲ ಪರೀಕ್ಷೆಯ ತಾರೀಖಿನದ್ದೆಂದು ತಿಳಿದಿದ್ದೆ.

ಹುಡುಗಿಯ ಕಾಗದ ನೋಡಿದರೆ ಇಲ್ಲಿಯೂ ಅದೇ ಗಂಟು. ಕ್ಲಬ್ಬಿನ ಆಯ್ಕೆ ಮೂರು ದಿನ, ಕಾಲೇಜಿಗೆ ಸೇರುವ ಕಡೇ ದಿನ ಅದರ ನಡುವೆಯೇ. ಈ ಸಲ ನಾವು ಕೇಳಿದೆವು. ನಾನು ಕೊಡೆ ಹಿಡಿದು ಕಾಲೇಜಿನ ಆಫೀಸಿಗೆ ಹೋದೆ. ಅಪ್ಪ ಅಮ್ಮ ಬಂದು ಸಹಿ ಹಾಕಿದರೆ ಸಾಕು, ಹುಡುಗಿ ಮರುವಾರ ಬರಲಿ ಎಂದರು. ಮುಗಿಯಿತು, ಹತ್ತು ನಿಮಿಷದ ಕೆಲಸ. ಅಣ್ಣ ಮೊಮ್ಮಗಳ ಜೊತೆ ಬೆಂಗಳೂರಿನ ರಾತ್ರಿ ರೈಲು ಹತ್ತಿದ.

ಆಯ್ಕೆಯಾಯಿತೇ ಎಂದು ನೀವು ಕೇಳುತ್ತೀರಿ. ಆಗಲಿಲ್ಲ. ಓಟ ಚೆನ್ನಾಗುಂಟು, ಎಡಗಾಲು ಇನ್ನೂ ಪಳಗಬೇಕು, ಡಿಸೆಂಬರ್‌ನಲ್ಲಿ ಮತ್ತೆ ಬಾ ಎಂದರಂತೆ. ಅವಳು ಕಾಲೇಜಿಗೆ ಸೇರಿದಳು. ಜುಲೈಯಲ್ಲಿ ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದಾಗ ಮನೆಯಲ್ಲಿ ಪಾಯಸವಾಯಿತು. ಅದೇ ತಿಂಗಳು ಗಂಡಸರ ದೊಡ್ಡ ಲೀಗನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತೆಂದು ಪತ್ರಿಕೆಯಲ್ಲಿ ಬಂತು. ನಾನು ಆ ಪುಟ ಅಣ್ಣನ ಮುಂದೆ ಹಿಡಿದೆ. ಅವನು ಓದಿ, ಮಡಚಿಟ್ಟು, “ಡಿಸೆಂಬರ್‌ಗೆ ಟಿಕೆಟು ಈಗಲೇ ಮಾಡಿಸಬೇಕು” ಎಂದ.

ಆ ವಾರ ಜೋರು ಮಳೆ. ಸಂಜೆ ಅಣ್ಣನ ಮನೆಗೆ ಹೋದಾಗ ಹಿತ್ತಿಲಿನಿಂದ ಟಪ್ ಟಪ್ ಶಬ್ದ ಕೇಳಿಸಿತು. ಮನೆಯಲ್ಲಿ ವಾಷಿಂಗ್ ಮೆಷಿನ್ನು ಉಂಟು. ಆದರೂ ಅಣ್ಣ ಪಂಚೆ ಎತ್ತಿ ಕಟ್ಟಿ, ಕಲ್ಲಿನ ಮುಂದೆ ನಿಂತು, ಮೊಮ್ಮಗಳ ಕಾಲೇಜಿನ ಅಂಗಿ ಒಗೆಯುತ್ತಿದ್ದ.

“ಮೆಷಿನ್ನಿನಲ್ಲಿ ಹೋಗುವುದಿಲ್ಲ ಮಾರಾಯ್ತಿ ಈ ಕೆಸರು” ಎಂದ. “ಎಷ್ಟು ತಿಕ್ಕಬೇಕಾಗುತ್ತದೆ!”

ನಾನು ಏನೂ ಹೇಳಲಿಲ್ಲ. ಬಚ್ಚಲ ಕಡೆ ಹಗ್ಗ ಕಟ್ಟಲು ಹೋದೆ.