ಬುರ್ರಕಥೆಯ ತಾಳ, ಪಾರ್ಕಿನ್ಸನ್ ರೋಗಿಯ ಹೆಜ್ಜೆ

ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪ ಮಾತ್ರೆ ಕೈಕಾಲಿನ ಬಿಗಿತವನ್ನು ಸಡಿಲಿಸುತ್ತದೆ. ಆದರೆ ನಡೆಯುತ್ತಿದ್ದಂತೆ ಕಾಲು ನೆಲಕ್ಕೆ ಅಂಟಿಕೊಂಡಂತಾಗುವುದು, ಸಮತೋಲ ತಪ್ಪುವುದು ಎಷ್ಟೋ ಜನರಲ್ಲಿ ಉಳಿದೇಬಿಡುತ್ತವೆ. ವ್ಯಾಯಾಮವನ್ನೂ ಮಾತ್ರೆಯಂತೆಯೇ ಚೀಟಿಯಲ್ಲಿ ಬರೆದುಕೊಡಬೇಕು ಎನ್ನುವುದು ಇದೇ ಕಾರಣಕ್ಕೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ದರೋಜಿಯಂಥ ಊರಿನಿಂದ ಅದು ಸುಮಾರು ಮುನ್ನೂರು ಕಿಲೋಮೀಟರ್ ದೂರ. ಹಾಗಾಗಿ ತಿಂಗಳುಗಟ್ಟಲೆ ಬಿಡದೆ ಮಾಡಬೇಕಾದ ಈ ವ್ಯಾಯಾಮ ಮನೆಯಂಗಳದಲ್ಲೇ ಆಗಬೇಕು.

ಅದಕ್ಕೊಂದು ದಾರಿ ತಾಳ. ಸಂಶೋಧಕ ಮೈಕೆಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ರೋಗಿಗಳು ಮೂರು ವಾರ, ದಿನಕ್ಕೆ ಅರ್ಧ ಗಂಟೆ, ಕ್ಯಾಸೆಟ್ಟಿನ ಲಯಕ್ಕೆ ಹೆಜ್ಜೆ ಹಾಕಿದರು. ನಡಿಗೆಯ ವೇಗ ಶೇ. 25ರಷ್ಟು ಏರಿತು, ಹೆಜ್ಜೆಯ ಉದ್ದ ಶೇ. 12ರಷ್ಟು ಹೆಚ್ಚಿತು. ಈ ಕಾಯಿಲೆಯಲ್ಲಿ ಮಿದುಳಿನ ಒಳಗಿನ ಲಯ ಕುಂದುತ್ತದೆ. ಕಿವಿಯಿಂದ ಬರುವ ಲಯ ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ.

ದರೋಜಿಯಲ್ಲಿ ಲಯಕ್ಕೆ ಬರವಿಲ್ಲ. 2014ರಲ್ಲಿ ತೀರಿಕೊಂಡ ನಾಡೋಜ ದರೋಜಿ ಈರಮ್ಮನವರು ತಾಳದೊಂದಿಗೆ ಹಾಡಿ ಹೇಳುತ್ತಿದ್ದ ಬುರ್ರಕಥೆ ಈ ಊರಿನ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿತು. ಗಡಿಯಾರದ ಟಿಕ್‌ಟಿಕ್‌ಗಿಂತ ಎಳವೆಯಿಂದ ಕೇಳಿದ ಪದಕ್ಕೆ ಇಲ್ಲಿನ ಹಿರಿಯರು ಹೆಚ್ಚು ದಿನ ಹೆಜ್ಜೆ ಹಾಕಿಯಾರು ಎಂಬುದು ನನ್ನ ಬಲವಾದ ಅನಿಸಿಕೆ. ಇಡೀ ಕಥೆ ಮಾತ್ರ ಒದಗುವುದಿಲ್ಲ. ಕಥೆ ಏರಿದಂತೆ ತಾಳವೂ ಏರುತ್ತದೆ, ನಡುವೆ ಮಾತು ಬರುತ್ತದೆ. ಒಂದೇ ನಡೆಯಲ್ಲಿ ಸಾಗುವ ತುಣುಕನ್ನು ಆಯ್ದುಕೊಳ್ಳಬೇಕು. ರೋಗಿ ಸಹಜವಾಗಿ ನಡೆಯುವಾಗ ನಿಮಿಷಕ್ಕೆಷ್ಟು ಹೆಜ್ಜೆ ಎಂದು ಮೊದಲು ಎಣಿಸಬೇಕು. ತಾಳ ಅಲ್ಲಿಂದ ಶುರುವಾಗಿ, ಮೈ ಒಗ್ಗಿದ ಮೇಲಷ್ಟೇ ತುಸು ಚುರುಕಾಗಬೇಕು.

ನೆಲಕ್ಕೆ ಅಂಟಿದಂತೆ ಕಾಲು ಕಟ್ಟುವುದು ಹೆಚ್ಚಾಗಿ ಬಾಗಿಲಲ್ಲಿ, ತಿರುವಿನಲ್ಲಿ. ಹೊಸ್ತಿಲ ಮುಂದೆ ಬಂದು ನಿಂತವರನ್ನು ಮನೆಯವರು ಕೈಹಿಡಿದು ಎಳೆದರೆ ಮುಂಡ ಮುಂದಕ್ಕೆ ಬರುತ್ತದೆ, ಪಾದ ಅಲ್ಲೇ ಇರುತ್ತದೆ, ಬೀಳುವುದು ಹಾಗೆ. ಎಳೆಯಬಾರದು. ನೆಲದ ಮೇಲೆ ಹೆಜ್ಜೆಯಷ್ಟು ಅಂತರದಲ್ಲಿ ಸುಣ್ಣದ ಅಡ್ಡಗೆರೆಗಳನ್ನು ಬರೆದು, ಒಂದೊಂದನ್ನೇ ದಾಟಲು ಹೇಳಿದರೆ ಎಷ್ಟೋ ಸಲ ಕಾಲು ಏಳುತ್ತದೆ.

ಅಭ್ಯಾಸ ಮಾತ್ರೆಯ ಪರಿಣಾಮ ಇರುವ ಹೊತ್ತಿನಲ್ಲಿ, ಬಿಸಿಲೇರುವ ಮೊದಲು ನಡೆಯಲಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಎದ್ದಾಗ ತಲೆ ಸುತ್ತುವವರಿಗೆ ವೈದ್ಯರ ಸಲಹೆ ಮೊದಲು. ಹತ್ತು ಮೀಟರ್ ನಡೆಯಲು ಹಿಡಿದ ಸಮಯ, ಇಟ್ಟ ಹೆಜ್ಜೆಗಳು, ಬಿದ್ದ ಸಲಗಳು: ಈ ಮೂರನ್ನು ಮೊದಲ ದಿನವೂ ಮೂರು ವಾರದ ನಂತರವೂ ಬರೆದಿಟ್ಟರೆ, ಬಳ್ಳಾರಿಯ ಫಿಸಿಯೋಥೆರಪಿಸ್ಟರಿಗೆ ತಾಳವನ್ನು ಬದಲಿಸಲು ಬೇಕಾದ ಆಧಾರ ಸಿಗುತ್ತದೆ.