ಡಿ, ಡಿ1, ಡಿ2: ನಮ್ಮ ಮನೆ ಬಾಗಿಲುಗಳ ಜಾತಕ

ಮೊನ್ನೆ ಸಂಜಯನಗರದ ಮನೆಯ ಅಟ್ಟ ಕ್ಲೀನ್ ಮಾಡುವಾಗ 1986ರಲ್ಲಿ ಅಪ್ಪ ಮನೆ ಕಟ್ಟಿಸಿದ ನಕ್ಷೆ ಸಿಕ್ಕಿತು. ಅಮೋನಿಯಾ ಪ್ರಿಂಟು, ಮಡಿಕೆಯಲ್ಲೆಲ್ಲ ಹರಿದಿದೆ. ಮೂಲೆಯಲ್ಲೊಂದು ಪಟ್ಟಿ. ಡಿ ಮೂರೂವರೆ ಅಡಿ × ಏಳು, ಡಿ1 ಮೂರು × ಏಳು, ಡಿ2 ಎರಡೂವರೆ × ಏಳು. ಡಿ2 ಅಂದರೆ ಬಚ್ಚಲುಮನೆ ಬಾಗಿಲು. ಇಷ್ಟು ವರ್ಷ ನೆಲಕ್ಕೆ ಉಜ್ಜಿಕೊಂಡು ಕಿರುಗುಟ್ಟುವ ಅದೇ ಬಾಗಿಲು :-)

ಕಥೆ ಅಮ್ಮನಿಗೆ ಇನ್ನೂ ನೆನಪಿದೆ. ಆ ಒಂದು ಬಾಗಿಲಿಗೆ ಮಾತ್ರ ಗೋಡೆ ಮೊದಲು ಎದ್ದಿತ್ತಂತೆ, ವಾಸಕಾಲು ಆಮೇಲೆ ಬಂತಂತೆ. ಮೇಸ್ತ್ರಿ ಪಟ್ಟಿ ನೋಡಿ ಎರಡೂವರೆ ಅಡಿ ಕಂಡಿ ಬಿಟ್ಟರು. ಆಚಾರ್ರು ಅದೇ ಪಟ್ಟಿ ನೋಡಿ ಎರಡೂವರೆ ಅಡಿಯ ವಾಸಕಾಲು ಮಾಡಿ ತಂದರು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದಕ್ಕೆ ಅದು ಸೊಟ್ಟಗಾಯಿತು. ಇಬ್ಬರದೂ ತಪ್ಪಲ್ಲ. ಅಳತೆ ಯಾವುದರದು ಅಂತ ಪಟ್ಟಿಯಲ್ಲಿ ಬರೆದಿರಲೇ ಇಲ್ಲ!

ತಮಾಷೆ ಏನೆಂದರೆ, ಇದಕ್ಕೆ ಪರಿಹಾರ ಆಗಲೇ ಇತ್ತು. ಅಡಿ-ಅಂಗುಲದ ಕಾಲದಲ್ಲಿ ಎದ್ದ ವಿಧಾನಸೌಧ ಮುಗಿದ 1956ರಲ್ಲೇ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆಯೂ ಬಂತು, 1958ರಿಂದ ಹಂತಹಂತವಾಗಿ ಜಾರಿಯಾಯಿತು. ಬಾಗಿಲು-ಕಿಟಕಿಗಳಿಗೂ ಭಾರತೀಯ ಮಾನಕ ಸಂಸ್ಥೆ ಹೊಸ ಲೆಕ್ಕ ಹಾಕಿತು. ಮರದ ಚೌಕಟ್ಟಿನ ಮಾನಕ ಐಎಸ್ 4021 ಮೊದಲು ಬಂದದ್ದು 1967ರಲ್ಲಿ. ಇದರ ಪದ್ಧತಿಯಲ್ಲಿ 100 ಮಿಲಿಮೀಟರ್ ಅಂದರೆ ಒಂದು ಮಾಡ್ಯೂಲ್. ಬಾಗಿಲಿನ ಹೆಸರೇ ಅದರ ಅಳತೆ. '8 ಡಿಎಸ್ 20' ಅಂದರೆ ಎಂಟು ಮಾಡ್ಯೂಲ್ ಅಗಲ, ಒಂಟಿ ಕದ, ಇಪ್ಪತ್ತು ಮಾಡ್ಯೂಲ್ ಎತ್ತರ. ಜೋಡಿ ಕದವಾದರೆ ಎಸ್ ಬದಲು ಟಿ. ಗೋಡೆಯ ಕಂಡಿ 800 × 2000, ಚೌಕಟ್ಟು 790 × 1990, ಕದ 700 × 1905. ಮೂರಕ್ಕೂ ಬೇರೆ ಬೇರೆ ಅಳತೆ, ಚೌಕಟ್ಟಿನ ಎರಡೂ ಪಕ್ಕ ಐದೈದು ಮಿಲಿಮೀಟರ್ ಸಂದು. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ನಮ್ಮ ಕಡೆ ಮನೆ ನಕ್ಷೆಗಳಲ್ಲಿ ಈ ಹೆಸರು ನಾನಂತೂ ಕಂಡಿಲ್ಲ. ಮರದಂಗಡಿಯಲ್ಲಿ ಇವತ್ತಿಗೂ 'ಮೂರು ಏಳು' ಅಂದರೇನೇ ಅರ್ಥ.

ಬಿಬಿಎಂಪಿ ಇದ್ದಾಗ ಮಂಜೂರಾದ ನಕ್ಷೆಗಳಲ್ಲೂ 'ಶೆಡ್ಯೂಲ್ ಆಫ್ ಜಾಯಿನರಿ' ಅಂತ ಪಟ್ಟಿ ಇರುತ್ತಿತ್ತು. ಹೆಸರು, ಉದ್ದ, ಎತ್ತರ, ಎಷ್ಟು, ಅಷ್ಟೇ. ಮೀಟರಿನಲ್ಲಿ 0.90 × 2.10 ಅಂತ ಬರೆದದ್ದನ್ನು ಸೈಟಿನಲ್ಲಿ ಮೂರು-ಏಳು ಅಂತ ಓದುತ್ತಾರೆ. ಏಳಡಿ ಅಂದರೆ 2134 ಮಿಲಿಮೀಟರ್. ಉಳಿದ 34 ಎಲ್ಲಿ ಹೋಯಿತು? ಕದ ಎಡಕ್ಕೆ ತೆರೆಯಬೇಕೋ ಬಲಕ್ಕೋ, ಅದಕ್ಕೂ ಆ ಪಟ್ಟಿಯಲ್ಲಿ ಜಾಗವಿಲ್ಲ.

ದೊಡ್ಡ ಆಸ್ಪತ್ರೆ, ಹೋಟೆಲಿನ ನಕ್ಷೆಗಳಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಕೋಣೆಯ ನಂಬರೇ ಬಾಗಿಲಿಗೂ. 104ನೇ ಕೋಣೆಗೆ ಎರಡು ಬಾಗಿಲಿದ್ದರೆ 104ಎ, 104ಬಿ. ಪಟ್ಟಿಯಲ್ಲಿ ಪ್ರತಿ ಬಾಗಿಲಿಗೂ ಒಂದು ಸಾಲು: ಬೀಗ, ಹಿಂಜು, ಬೆಂಕಿ ಎಷ್ಟು ಹೊತ್ತು ತಡೆಯಬೇಕು, ಎಲ್ಲ. ಬಾಗಿಲು ಯಾವ ಕಡೆಗೆ ಅನ್ನುವುದೂ ಅಲ್ಲೇ. ಏಳೆಂಟು ಬಾಗಿಲಿನ ಮನೆಗೆ ಇಷ್ಟೆಲ್ಲ ಅತಿಯಾಯಿತೇನೋ, ಆದರೆ 'ಇದು ಕಂಡಿಯ ಅಳತೆ' ಅಂತ ಒಂದು ಸಾಲು ಬರೆಯಲು ಏನು ಕಷ್ಟ?

ಬಚ್ಚಲಿನ ಬಾಗಿಲು ಈ ಸಲ ಬದಲಾಯಿಸುತ್ತಿದ್ದೇವೆ. ಆಚಾರ್ರಿಗೆ ಕಂಡಿ, ಚೌಕಟ್ಟು, ಕದ ಅಂತ ಮೂರು ಅಳತೆ ಬೇರೆ ಬೇರೆ ಬರೆದು ಕೊಟ್ಟೆ. ಅವರು ಚೀಟಿ ಜೇಬಿಗಿಟ್ಟು, ಟೇಪು ತೆಗೆದು, ತಾವೇ ಮತ್ತೆ ಅಳೆದುಕೊಂಡು ಹೋದರು.